ನೆಮ್ಮದಿ ಅಳೆಯುವ ಕೆಲಸ

ವೈದ್ಯಕೀಯ ಕಾಲೇಜಿನಲ್ಲಿ ಅಂಗರಚನೆ ಕಲಿಸುತ್ತಿದ್ದ ಆಕೆಗೆ ವಿದ್ಯಾರ್ಥಿಗಳು ಇಟ್ಟ ಹೆಸರು ‘ಮೂಳೆ ಮೇಡಂ’. ಆಕೆಗೂ ಅದು ಗೊತ್ತಿತ್ತು, ಬೇಜಾರೇನೂ ಇರಲಿಲ್ಲ. ಬೇಜಾರಿದ್ದದ್ದು ಬೇರೆಯದಕ್ಕೆ. ವಿಭಾಗದಲ್ಲಿ ಇಬ್ಬರು ನಿವೃತ್ತರಾದ ಮೇಲೆ ಆ ಜಾಗಗಳಿಗೆ ಯಾರೂ ಬಂದಿರಲಿಲ್ಲ. ಮೂವರ ಪಾಠ ಒಬ್ಬಳ ಗಂಟಲಿನ ಮೇಲೆ ಬಿದ್ದು, ಸಂಜೆ ಮನೆಗೆ ಬಂದರೆ ಗಂಡನ ಜೊತೆ ಅರ್ಧ ಮಾತು ಕೈಸನ್ನೆಯಲ್ಲೇ.

ಅಂಥ ಹೊತ್ತಿನಲ್ಲಿ ಪ್ರಾಂಶುಪಾಲರು ಕರೆಸಿದರು. ತಪಾಸಣೆಯವರು ಬರುವವರಿದ್ದಾರೆ, ಅಧ್ಯಾಪಕರ ನೆಮ್ಮದಿ ಎಷ್ಟಿದೆ ಎಂದು ಅಳೆದು ತೋರಿಸಬೇಕು, ಪ್ರಶ್ನೆಗಳು ಸಿದ್ಧವಿವೆ, ಎಲ್ಲರಿಗೂ ಬೇಕಾದವರು ನೀವು, ನೀವೇ ಮಾಡಿ ಎಂದರು. ಇನ್ನೊಂದು ಹೊರೆ ಎಂದು ಮೊದಲು ಮೈ ಉರಿಯಿತು. ಮೆಟ್ಟಿಲಿಳಿಯುವಷ್ಟರಲ್ಲಿ ಆಸೆಯೂ ಹುಟ್ಟಿತು. ಅಳೆದರೆ ತಾನೇ ಕೊರತೆ ಕಣ್ಣಿಗೆ ಬೀಳುವುದು?

ಮನಸ್ಸಿಟ್ಟು ಓಡಾಡಿದಳು. ಶಸ್ತ್ರಚಿಕಿತ್ಸೆ ಕಲಿಸುವವರು ಆಪರೇಷನ್ ಥಿಯೇಟರಿನ ಬಾಗಿಲಲ್ಲೇ ಮಾಸ್ಕು ಗಲ್ಲಕ್ಕೆ ಎಳೆದುಕೊಂಡು, ಚೆನ್ನಾಗಿದ್ದೇನೆಂದು ನೀವೇ ತುಂಬಿಬಿಡಿ ಎಂದು ಹೇಳಿ ಒಳಗೆ ಹೋದರು. ಔಷಧಶಾಸ್ತ್ರದವರು ‘ಉತ್ತಮ’ದ ಸಾಲಿನುದ್ದಕ್ಕೂ ಒಂದೇ ಗೀಟು ಎಳೆದುಕೊಟ್ಟು, ಅದೇ ಪೆನ್ನಿನಿಂದ ಉತ್ತರಪತ್ರಿಕೆ ತಿದ್ದತೊಡಗಿದರು. ಮಕ್ಕಳ ವಿಭಾಗದ ಹೊಸ ಅಧ್ಯಾಪಕಿಯೊಬ್ಬಳು ಮಾತ್ರ ನಿಜ ಬರೆದಳು: ನಿದ್ದೆಯಿಲ್ಲ, ವಾರ್ಡು ಮುಗಿಸಿ ಪಾಠಕ್ಕೆ ನಿಂತರೆ ಮಾತು ತಡವರಿಸುತ್ತದೆ, ಬಿಟ್ಟುಬಿಡೋಣ ಅನ್ನಿಸುತ್ತದೆ. ಮಾರನೆಯ ಬೆಳಿಗ್ಗೆ ಅವಳೇ ಓಡಿಬಂದಳು.

“ಮೇಡಂ, ಅದನ್ನ ವಾಪಸ್ ಕೊಡ್ತೀರಾ? ನಂದು ಗುತ್ತಿಗೆ ನೌಕರಿ. ಹಾಳೆ ಮೇಲೆ ಹೆಸರು, ವಿಭಾಗ ಎರಡೂ ಇದೆ, ಯಾರು ಅಂತ ಗೊತ್ತಾಗ್ಬಿಡುತ್ತೆ.”

ಕೊಡದೆ ಇನ್ನೇನು ಮಾಡುವುದು? ಅವಳು ಅಲ್ಲೇ ನಿಂತು ಹೊಸದೊಂದು ತುಂಬಿದಳು. ಎಲ್ಲವೂ ಉತ್ತಮ.

ಮನೆಯಲ್ಲಿ ಗಂಡ, “ನಿಂದೆಷ್ಟು ಬಂತೇ?” ಎಂದು ಕೇಳಿದಾಗಲೇ ತನ್ನದು ತುಂಬಿಲ್ಲವೆಂಬುದು ನೆನಪಾದದ್ದು. ಊಟದ ಮೇಜಿನ ಮೇಲೆ ಹಾಳೆ ಹರಡಿ ಕೂತಳು. ಕೆಲಸದಲ್ಲಿ ನಿಮಗೆ ಸಂತೋಷವಿದೆಯೇ? ಕೈ ತಾನಾಗಿ ‘ಉತ್ತಮ’ದ ಕಡೆ ಹೋಯಿತು. ತನ್ನದು ಕಾಯಂ ನೌಕರಿ, ಯಾರಿಗೂ ಹೆದರಬೇಕಾಗಿಲ್ಲ, ಆದರೂ ಕೈ ಹೀಗೆ ಮಾಡಿತಲ್ಲ ಎಂದು ನಾಚಿಕೆಗಿಂತ ಸಿಟ್ಟೇ ಹೆಚ್ಚು ಬಂತು. ಪೆನ್ನಿಗೆ ಮುಚ್ಚಳ ಹಾಕಿ ಎದ್ದುಬಿಟ್ಟಳು.

ಸಭೆಯಲ್ಲಿ ಪ್ರಾಂಶುಪಾಲರು ಅಂಕ ಓದಿದರು. ನೂರಕ್ಕೆ ಎಂಬತ್ತೆಂಟು. ಚಪ್ಪಾಳೆಯಾಯಿತು. ಇಷ್ಟು ನೆಮ್ಮದಿಯಿಂದ ಇರುವವರಿಗೆ ಶನಿವಾರ ಸಂಜೆ ಇನ್ನೊಂದು ತರಗತಿ ಭಾರವಾಗಲಾರದು ಎಂದೂ ಸೇರಿಸಿದರು. ಆಕೆ ಎದ್ದು ನಿಂತಳು.

“ಸರ್, ಆ ಅಂಕ ಸುಳ್ಳು. ಹಾಳೆ ಹಂಚಿದವಳು ನಾನೇ, ಅದಕ್ಕೇ ಹೇಳ್ತಿದೀನಿ. ಹೆಸರು, ವಿಭಾಗ ಎರಡೂ ತೆಗೆದು ಕೇಳಿ, ಆಮೇಲೆ ನೋಡಿ.”

“ಹಾಗಿದ್ರೆ ಮೇಡಂ, ಇನ್ನೊಂದ್ಸಲ ನೀವೇ ಅಳೀರಿ,” ಎಂದರು ಅವರು, ಬಲು ಸಮಾಧಾನದಿಂದ.

ಸುತ್ತ ನೋಡಿದಳು. ಶಸ್ತ್ರಚಿಕಿತ್ಸೆಯವರು ಫೋನಿನಲ್ಲಿ ಮುಳುಗಿದ್ದರು. ಮಕ್ಕಳ ವಿಭಾಗದ ಹುಡುಗಿ ತನ್ನ ಚಪ್ಪಲಿಯ ತುದಿ ನೋಡುತ್ತಿದ್ದಳು.

ಇದ್ದ ಚೂರು ಬಿಡುವನ್ನೂ ಸುರಿದು ಎರಡನೆಯ ಸಲ ಅಳೆದಳು. ಹೆಸರಿಲ್ಲದ ಹಾಳೆಗಳು ಬಾಗಿಲ ಬಳಿಯ ಡಬ್ಬಿಗೆ ಬಿದ್ದವು. ಅಂಕ ಮೂವತ್ತರ ಆಸುಪಾಸಿಗೆ ಇಳಿಯಿತು. ಯಾರೂ ಕೇಳದಿದ್ದರೂ ಹಿಂಬದಿಯ ತುಂಬ ಬರೆದವರೂ ಇದ್ದರು. ಪ್ರಾಂಶುಪಾಲರು ಓದಿ, ನೋಡೋಣ ಎಂದು ಮೇಜಿನ ಡ್ರಾಯರಿಗೆ ಸೇರಿಸಿದರು. ತಪಾಸಣೆಯವರಿಗೆ ಹೋದದ್ದು ಮೊದಲಿನದೇ, ಬೇರೊಬ್ಬರ ಸಹಿಯೊಂದಿಗೆ. ಅವರು ಕಾಲೇಜನ್ನು ಹೊಗಳಿ ಹೋದ ಮೇಲಷ್ಟೇ ಅದು ಆಕೆಯ ಕಿವಿಗೆ ಬಿತ್ತು.

ಶನಿವಾರದ ತರಗತಿ ಮಾತ್ರ ಶುರುವಾಗಲಿಲ್ಲ. ಯಾಕೆಂದು ಯಾರೂ ಬಾಯಿ ಬಿಡಲಿಲ್ಲ.

ಕೆಲವೇ ವಾರಗಳಲ್ಲಿ ಮಕ್ಕಳ ವಿಭಾಗದ ಹುಡುಗಿ ಕೆಲಸ ಬಿಟ್ಟಳು. ಹೇಳಿಹೋಗಲು ಬಂದವಳು, “ಅವತ್ತು ನಿಮ್ ಜೊತೆ ನಾನೂ ಎದ್ದು ನಿಲ್ಬೇಕಿತ್ತು ಮೇಡಂ,” ಎಂದಳು.

“ಹೋಗ್ಲಿ ಬಿಡಮ್ಮ. ಮೊದ್ಲು ಮನೆಗೆ ಹೋಗಿ ಮಲಕ್ಕೋ.”

ಮರುದಿನವೇ ಅವಳ ಪಾಠಗಳನ್ನೂ ಉಳಿದವರಿಗೆ ಹಂಚಿದರು.