ಕ್ಯಾಂಟೀನಿಗೆ ಮೊದಲು ಓದಿದ ಪತ್ರ

ಮೊನ್ನೆ ದುಬೈಯ ಅಲ್ ಮುರಕ್ಕಬಾತಿನ ಒಂದು ಲಾಂಡ್ರಿಯ ಮುಂದೆ ಹಾದುಹೋಗುವಾಗ ಆಗಷ್ಟೇ ಇಸ್ತ್ರಿಯಾದ ಬೆಡ್‌ಶೀಟುಗಳ ಬಿಸಿ ವಾಸನೆ ಮೂಗಿಗೆ ಬಡಿಯಿತು. ಕಾಲು ತಾನಾಗಿ ನಿಂತಿತು. ನಮ್ಮ ಬಾಸ್ ಯಾವ ಹೋಟೆಲಿಗೆ ಹೋದರೂ ಮೊದಲು ಲಿನನ್ ರೂಮಿಗೆ ಹೋಗಿ ಒಂದು ಬೆಡ್‌ಶೀಟ್ ಎತ್ತಿ ಮೂಸುತ್ತಿದ್ದರು. ಒಮ್ಮೆ ಅಬುಧಾಬಿಯಲ್ಲಿ ಬೇರೆ ಯಾರದೋ ಹೋಟೆಲಿನಲ್ಲೂ ಹಾಗೆ ಮಾಡಿ ನನ್ನ ಮಾನ ಕಳೆದಿದ್ದರು...

ಅವರು ಮಂಗಳೂರು ಕಡೆಯವರು. ಹರೆಯದಲ್ಲೇ ಮೊಂಬಾಸಾಗೆ ಹೋಗಿ, ಸಮುದ್ರದಂಡೆಯ ಒಂದು ಹೋಟೆಲಿನ ಲಿನನ್ ರೂಮಿನಲ್ಲಿ ಕೆಲಸಕ್ಕೆ ಸೇರಿದವರು. ನಾನು ಅವರನ್ನು ಕಾಣುವ ಹೊತ್ತಿಗೆ ಆ ಹೋಟೆಲೂ ಸೇರಿ ಪೂರ್ವ ಆಫ್ರಿಕಾದ ಮೂರು ಹೋಟೆಲುಗಳಿಗೆ ಮುಖ್ಯಸ್ಥರಾಗಿದ್ದರು. ಹಣ ಹೂಡಿದವರೆಲ್ಲ ಇಲ್ಲಿಯವರಾದ್ದರಿಂದ ಕಚೇರಿ ದುಬೈಯಲ್ಲಿತ್ತು. ಮೂರು ತಿಂಗಳಿಗೊಮ್ಮೆ ಹೂಡಿಕೆದಾರರಿಗೆ ಪತ್ರ ಬರೆಯುವುದು ನನ್ನ ಕೆಲಸ. ಮೈಸೂರಿನಲ್ಲಿ ಇಂಗ್ಲಿಷ್ ಎಂ.ಎ. ಮಾಡಿದ ಜಂಬ ಬೇರೆ ನನಗಿತ್ತು.

ಆ ಜಂಬ ಇಳಿಸುವ ಪದ್ಧತಿಯೊಂದನ್ನು ಅವರು ಇಟ್ಟುಕೊಂಡಿದ್ದರು. ಪತ್ರ ಹೂಡಿಕೆದಾರರಿಗೆ ಹೋಗುವ ಮೊದಲು ಮೂರೂ ಹೋಟೆಲುಗಳ ಸ್ಟಾಫ್ ಕ್ಯಾಂಟೀನಿಗೆ ಫೋನ್ ಹಚ್ಚಬೇಕು. ನಮ್ಮ ಮೂರು ಗಂಟೆ ಎಂದರೆ ಅಲ್ಲಿಯ ಎರಡು ಗಂಟೆ, ಅವರೆಲ್ಲ ಊಟಕ್ಕೆ ಕೂರುವ ಹೊತ್ತು. ನಾನು ಒಂದೊಂದು ಸಾಲು ಓದಬೇಕು, ಬಾಸ್ ಅದನ್ನು ಸ್ವಾಹಿಲಿಯಲ್ಲಿ ಹೇಳುತ್ತಿದ್ದರು. ಅಡುಗೆಯವರು, ಮಾಲಿಗಳು, ಪಾತ್ರೆ ತೊಳೆಯುವವರು, ಯಾರು ಬೇಕಾದರೂ "ಅದು ಹಾಗಲ್ಲ" ಎನ್ನಬಹುದು. ಒಬ್ಬರು ಹಾಗೆಂದರೂ ಸಾಕು, ಆ ಸಾಲು ಹೋಯಿತು. ಮೊದಮೊದಲು ನನಗೆ ಮೈಯೆಲ್ಲ ಉರಿಯುತ್ತಿತ್ತು.

ಎಲ್ಲರಿಗಿಂತ ಹೆಚ್ಚು ತಪ್ಪು ಹಿಡಿಯುತ್ತಿದ್ದವರು ಮೊಂಬಾಸಾದ ಲಿನನ್ ರೂಮಿನ ಹಿರಿಯ ಹೆಂಗಸು. ಬಾಸ್ ಕೆಲಸಕ್ಕೆ ಸೇರಿದಾಗ ಅವರಿಗೆ ಬೆಡ್‌ಶೀಟ್ ಮಡಿಚಲು ಕಲಿಸಿದ್ದೇ ಆಕೆ. ನಾವೆಲ್ಲ ಆಕೆಯನ್ನು 'ಮಾಮಾ' ಎನ್ನುತ್ತಿದ್ದೆವು, ಅಲ್ಲಿ ಹಾಗೆಂದರೆ ಅಮ್ಮ.

ಎಬೋಲಾ ಜ್ವರದ ವರ್ಷ ಅದು. ಜ್ವರ ಇದ್ದದ್ದು ಖಂಡದ ಆ ತುದಿಯಲ್ಲಿ, ನಮ್ಮ ಹೋಟೆಲುಗಳು ಈ ತುದಿಯಲ್ಲಿ. ಆದರೆ ಪ್ರವಾಸಿಗಳಿಗೆ ಆಫ್ರಿಕಾ ಎಂದರೆ ಒಂದೇ ಊರು! ಬುಕಿಂಗುಗಳು ಒಂದರ ಹಿಂದೊಂದು ರದ್ದಾದವು. ಮೊಂಬಾಸಾದ ಹೋಟೆಲನ್ನು ಸದ್ಯಕ್ಕೆ ಮುಚ್ಚಿ, ಕೆಲಸದವರನ್ನೆಲ್ಲ ಮನೆಗೆ ಕಳಿಸಿ ಎಂದು ಹೂಡಿಕೆದಾರರು ಒತ್ತಾಯಿಸತೊಡಗಿದರು. "ಈಗ ಮುಚ್ಚಿದ್ರೆ ಆ ಜನ ಚದುರಿ ಹೋಗ್ತಾರೆ. ಮತ್ತೆ ಗೋಡೆ ಮಾತ್ರ ಉಳಿಯೂದು," ಎಂದು ಬಾಸ್ ಕಚೇರಿಯಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದರು.

ಕ್ಯಾಂಟೀನಿನವರೇ ಒಂದು ದಾರಿ ಹುಡುಕಿದರು. ಎರಡು ಮಹಡಿ ಮುಚ್ಚೋಣ, ಒಬ್ಬೊಬ್ಬರು ಒಂದು ವಾರ ಕೆಲಸ ಮಾಡಿ ಇನ್ನೊಂದು ವಾರ ಮನೆಯಲ್ಲಿರೋಣ, ಯಾರೂ ಕೆಲಸ ಬಿಡುವುದು ಬೇಡ ಎಂದರು. ಬಾಸ್ ಅದನ್ನು ಅವರ ಮಾತಿನಲ್ಲೇ ಪತ್ರಕ್ಕೆ ಹಾಕಿಸಿದರು. ಪತ್ರ ಸ್ವಲ್ಪ ಹೊಳೆಯಲಿ ಎಂದು ನಾನೊಂದು ಸಾಲು ಸೇರಿಸಿದೆ: ಈಜುಕೊಳದ ದುರಸ್ತಿ ಮುಗಿದಿದೆ. ಮುಗಿದಿರಲಿಲ್ಲ. ಮುಗಿಯುತ್ತದಲ್ಲ ಎಂದು ಬರೆದಿದ್ದೆ.

ಓದಿದ ಕೂಡಲೇ ಫೋನಿನಲ್ಲಿ ಮಾಮಾ ಗುಡುಗಿದರು. ಬಾಸ್ ಹೊಟ್ಟೆ ಹಿಡಿದು ನಕ್ಕು ನನಗೆ ಹೇಳಿದರು: "ಯಾವ ಕೊಳ ಅಂತ ಕೇಳ್ತಾರೆ. ಅಲ್ಲಿ ಈಜುವವರು ಕಪ್ಪೆಗಳು ಮಾತ್ರ ಅಂತೆ."

"ಸರ್, ಕೊಳ ಖಾಲಿ ಅಂತ ಬರೆದ್ರೆ ನಾಳೆನೇ ಹೋಟೆಲ್ ಖಲಾಸ್," ಎಂದು ನಾನು ವಾದಕ್ಕಿಳಿದೆ.

"ಒಂದು ಸುಳ್ಳು ಸಿಕ್ಕಿದ್ರೆ ಉಳಿದದ್ದನ್ನು ಯಾರು ನಂಬ್ತಾರೆ ಮಾರಾಯ್ತಿ? ಖಾಲಿ ಉಂಟು ಅಂತಲೇ ಬರಿ."

ಬರೆದೆ, ಹಲ್ಲು ಕಚ್ಚಿಕೊಂಡು.

ಮರುವಾರ ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದ ಒಂದು ಹೋಟೆಲಿನಲ್ಲಿ ಸಭೆ ಸೇರಿತು. ಮುಚ್ಚುವುದೋ ಬಿಡುವುದೋ ಅಂದೇ ತೀರ್ಮಾನವಾಗಬೇಕಿತ್ತು. ಬಾಸ್ ಬೆಳಗ್ಗಿನಿಂದ ಚಹಾ ಬಿಟ್ಟು ಏನನ್ನೂ ಮುಟ್ಟಿರಲಿಲ್ಲ. ಹೂಡಿಕೆದಾರರಲ್ಲಿ ಎಲ್ಲರಿಗಿಂತ ಹಿರಿಯರಾದ ಅರಬರೊಬ್ಬರು ಪತ್ರ ಎತ್ತಿಕೊಂಡು ಕೇಳಿದರು: "ನನಗೆ ಬರುವ ಪತ್ರಗಳಲ್ಲೆಲ್ಲ ಎಲ್ಲವೂ ಚೆನ್ನಾಗಿರುತ್ತದೆ. ನಿಮ್ಮದರಲ್ಲಿ ಕೊಳ ಖಾಲಿ. ಯಾಕೆ?"

"ನಿಮಗಿಂತ ಮೊದಲು ಅಲ್ಲಿ ಕೆಲಸ ಮಾಡುವವರಿಗೆ ಓದಿ ಹೇಳುತ್ತೇವೆ. ಅವರು ಸುಳ್ಳು ಬಿಡುವುದಿಲ್ಲ," ಎಂದರು ಬಾಸ್.

ಹಿರಿಯರ ಹುಬ್ಬು ಮೇಲೇರಿತು. "ಹಾಗಾದರೆ ಫೋನ್ ಮಾಡಿ. ಯಲ್ಲಾ, ನಡೆಯಲಿ, ನಾನೂ ಕೇಳುತ್ತೇನೆ."

ನಾನು ಫೋನ್ ಹಚ್ಚಿದೆ. ಹೊತ್ತಲ್ಲದ ಹೊತ್ತು, ಬೆಳಗಿನ ಹನ್ನೊಂದು. ಸ್ಪೀಕರಿನಲ್ಲಿ ಮಾಮಾ ಏದುಸಿರು ಬಿಡುತ್ತ, ಎಲ್ಲರಿಗೂ ತಿಳಿಯುವ ಇಂಗ್ಲಿಷಿನಲ್ಲೇ ರೇಗಿದರು: "ಈಗ ಮಾತಾಡಲು ಆಗುವುದಿಲ್ಲ. ಹಾಸಿಗೆ ಹಾಸುತ್ತಿದ್ದೇನೆ."

"ಅತಿಥಿಗಳೇ ಇಲ್ಲವಲ್ಲ, ಯಾರಿಗೆ ಹಾಸುತ್ತಿದ್ದೀರಿ?" ಎಂದು ಹಿರಿಯರು ಕೇಳಿದರು. ಕೇಳುತ್ತಿರುವವರು ಯಾರೆಂದು ಆಕೆಗೆ ಗೊತ್ತಿರಲಿಲ್ಲ.

"ಯಾರು ಹೇಳಿದ್ದು ಇಲ್ಲವೆಂದು? ಗಂಡ ಹೆಂಡತಿ ಇಬ್ಬರು ಬಂದಿದ್ದಾರೆ. ಇಬ್ಬರೇ ಎಂದು ಸುಕ್ಕು ಬಟ್ಟೆ ಹಾಸಲೇ?" ಎಂದು ಫೋನ್ ಇಟ್ಟೇಬಿಟ್ಟರು.

ಆ ಹಿರಿಯರೇ ಮೊದಲು ನಕ್ಕರು. ಮುಂದಿನ ಸೀಸನ್‌ವರೆಗೆ ಹೋಟೆಲು ತೆರೆದಿರಲಿ, ಕೆಲಸದವರು ಹೇಳಿದಂತೆಯೇ ನಡೆಯಲಿ ಎಂದು ತೀರ್ಮಾನವಾಯಿತು. ಲಿಫ್ಟಿನಲ್ಲಿ ಬಾಸ್ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಿದ್ದರು. ಇಂಥವರ ಕೈಕೆಳಗೆ ಕೆಲಸ ಮಾಡುತ್ತಿದ್ದೇನಲ್ಲ ಎಂದು ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಬಾಯಿಬಿಟ್ಟು ಹೇಳಿಯೇಬಿಡೋಣ ಎಂದು ಅವರತ್ತ ತಿರುಗಿದೆ. "ಊಟ ಮಾಡುವನಾ? ಹಸಿವಾಗ್ತದೆ," ಎಂದರು ಅವರು.

ಸೀಸನ್ ಬಂತು, ಅತಿಥಿಗಳು ಬಂದರು. ಒಬ್ಬರೂ ಕೆಲಸ ಕಳೆದುಕೊಳ್ಳಲಿಲ್ಲ. ಕೆಲವು ವರ್ಷಗಳ ಮೇಲೆ ಬಾಸ್ ನಿವೃತ್ತರಾಗಿ ಊರಿಗೆ ಹೊರಟರು. ವಿಮಾನ ನಿಲ್ದಾಣದಲ್ಲಿ ಎಲ್ಲರೂ ಫೋಟೋ ತೆಗೆಸಿಕೊಂಡೆವು. ನಾನು ಹೇಳಬೇಕೆಂದುಕೊಂಡಿದ್ದನ್ನು ಅಂದೂ ಹೇಳಲಿಲ್ಲ...

ಅವರು ತೀರಿಕೊಂಡ ಸುದ್ದಿ ಬಂದಾಗ ನನ್ನ ಪಾಸ್‌ಪೋರ್ಟ್ ವೀಸಾ ನವೀಕರಣಕ್ಕೆ ಹೋಗಿತ್ತು. ಮಣ್ಣಿಗೆ ಹೋಗಲಾಗಲಿಲ್ಲ. ಆ ಕೊರಗು ಇವತ್ತಿಗೂ ಇದೆ.

ಮೊಂಬಾಸಾಗೆ ವಿಷಯ ತಿಳಿಸಿದ್ದು ನಾನೇ. ಮರುದಿನ ಮಾಮಾ ತಾವೇ ಫೋನ್ ಮಾಡಿದರು. ಗೌರವಕ್ಕಾಗಿ ಒಂದು ದಿನ ಹೋಟೆಲು ಮುಚ್ಚೋಣ ಎಂದು ಕ್ಯಾಂಟೀನಿನಲ್ಲಿ ಕೆಲವರು ಹೇಳಿದ್ದರಂತೆ.

"ಮುಚ್ಚಿದಿರಾ?" ಎಂದು ಕೇಳಿದೆ.

"ಹೇಗೆ ಮುಚ್ಚುವುದು ಮಗಳೇ?" ಎಂದರು. "ಒಂದು ರೂಮೂ ಖಾಲಿ ಇರಲಿಲ್ಲ."