ಫ್ರಿಜ್ಜಿನ ಬೆನ್ನಿಗೆ ಹಾಕಿದ ಕೌದಿ

ಮೊಮ್ಮಗಳು ಈಗ ಗೋಡೆ ಹಿಡಿದು ನಡೆಯುತ್ತಾಳೆ. ನಡೆದು ಎಲ್ಲಿಗೆ ಹೋಗುತ್ತಾಳೆ ಅಂದರೆ ಸೀದಾ ಫ್ರಿಜ್ಜಿನ ಹತ್ತಿರ. ಅದರ ಬಾಗಿಲಿಗೆ ಎರಡೂ ಅಂಗೈ ಬಡಿದು, ನನ್ನ ಕಡೆ ತಿರುಗಿ ನಗುತ್ತಾಳೆ. ಆಗ ನನ್ನೊಳಗೆ ಏನಾಗುತ್ತದೆ ಎಂದು ಹೇಳಲು ನಾನು ಕಲಿತ ಮೂರನೆಯ ಇಯತ್ತೆ ಸಾಲದು. ಆದರೂ ಬರೆಯದೆ ಇರಲಾರೆ. ಆ ಬಾಗಿಲ ಹಿಂದೆ ಒಂದು ಕಾಲಕ್ಕೆ ಅವಳ ಜೀವವೇ ಇತ್ತು.

ಮಗಳು ಚೊಚ್ಚಲ ಬಾಣಂತನಕ್ಕೆಂದು ಬೆಟಗೇರಿಯ ನಮ್ಮ ಮನೆಗೆ ಬಂದಿದ್ದಳು. ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಕೂಸು ಬಲು ಸಣ್ಣದು. ಗದಗಿನ ಆಸ್ಪತ್ರೆಯಲ್ಲಿ ಅದನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟುಕೊಂಡು, ಕೆಲವು ದಿನದ ಮೇಲೆ ತಾಯಿಯನ್ನಷ್ಟೇ ಮನೆಗೆ ಕಳಿಸಿದರು. ಎಳೆದು ಕುಡಿಯುವ ಕಸುವು ಕೂಸಿಗೆ ಇರಲಿಲ್ಲ. ಕೊಳವೆಯಲ್ಲಿ ಹನಿಹನಿಯಾಗಿ ಹಾಲು ಬಿಡುತ್ತಿದ್ದರು.

“ತಾಯಿ ಹಾಲ ಬೇಕ್ರಿ ಅಮ್ಮಾರ,” ಎಂದಿದ್ದರು ಡಾಕ್ಟರಬಾಯಿ. “ಈ ಕೂಸಿಗೆ ಅದಕ್ಕಿಂತ ದೊಡ್ಡ ಔಷಧ ನನ್ನ ಹತ್ರ ಇಲ್ಲ.”

ಹಾಗೆ ಶುರುವಾಯಿತು ನಮ್ಮ ಮನೆಯ ಹೊಸ ಕೆಲಸ. ಮಗಳು ಗೋಡೆಗೆ ಒರಗಿ ಕುಳಿತು ಹಾಲು ಹಿಂಡುತ್ತಿದ್ದಳು. ಕೂಸು ಬಾಯಿ ಹಚ್ಚದ ಮೊಲೆಯಿಂದ ಹಾಲು ಸುಮ್ಮನೆ ಬರುವುದಿಲ್ಲ. ಹಲ್ಲು ಕಚ್ಚಿ, ಕಣ್ಣು ಮುಚ್ಚಿ, ಕೂಸಿನ ಮುಖ ನೆನೆಸಿಕೊಂಡು ಹಿಂಡಬೇಕು. ಸಣ್ಣ ಬಾಟಲಿಯ ತಳ ಮುಚ್ಚುವಷ್ಟು ಬಂದರೂ ಅದೇ ದೊಡ್ಡದು. ಅದನ್ನು ನಾನು ಫ್ರಿಜ್ಜಿನಲ್ಲಿ ಇಡುತ್ತಿದ್ದೆ. ನನ್ನ ಯಜಮಾನರು ಮುಂಜಾನೆ ಸಂಜೆ ಬರ್ಫದ ಡಬ್ಬಿಯಲ್ಲಿ ಇಟ್ಟುಕೊಂಡು ಆಟೋ ಹತ್ತಿ ಆಸ್ಪತ್ರೆಗೆ ಒಯ್ಯುತ್ತಿದ್ದರು. ಮನೆಯಲ್ಲಿ ಸಿಹಿ ಮಾಡಿರಲಿಲ್ಲ. ಅಟ್ಟದ ಮೇಲಿನ ತೊಟ್ಟಿಲನ್ನು ಯಾರೂ ಇಳಿಸಿರಲಿಲ್ಲ.

ನನ್ನ ಕೈ ಸುಮ್ಮನಿರಲಾರದೆ ಕೌದಿ ಹೊಲಿಯುತ್ತಿತ್ತು. ಯಜಮಾನರು ಮಗ್ಗದಲ್ಲಿ ನೇಯ್ದ ನನ್ನ ಹಳೆಯ ಸೀರೆ, ಮಗಳ ಬಾಲ್ಯದ ಲಂಗ, ಸತ್ತ ಅತ್ತೆಯವರ ಒಂದು ಸೆರಗು. ನಮ್ಮಲ್ಲಿ ಕೌದಿಯ ಕಡೆಯ ಮೂಲೆ ಮುಚ್ಚುವಾಗ ಒಳಗೆ ಒಂದು ಚೂರು ರೊಟ್ಟಿ ಇಟ್ಟು ಹೊಲಿಯುತ್ತೇವೆ. ಕೌದಿಯ ಹೊಟ್ಟೆ ಬರಿದಾಗಿರಬಾರದು ಎಂದು. ನಾನು ಆ ಮೂಲೆಯನ್ನು ಹಾಗೆಯೇ ಬಿಟ್ಟಿದ್ದೆ. ಕೂಸು ಮನೆಗೆ ಬರಲಿ, ಆಮೇಲೆ ಮುಚ್ಚಿದರಾಯಿತು ಅಂದುಕೊಂಡಿದ್ದೆ. ಬರದಿದ್ದರೆ ಎಂಬ ಮಾತನ್ನು ಸೂಜಿಯ ಮೊನೆಯಷ್ಟೂ ಒಳಗೆ ಬಿಟ್ಟುಕೊಳ್ಳಲಿಲ್ಲ.

ಕೂಸಿಗೆ ತಾಗುವ ಬಟ್ಟೆ ಎಂದು ಕೌದಿಯನ್ನು ಬಿಸಿನೀರಿನಲ್ಲಿ ಒಗೆದೆ. ಶ್ರಾವಣದ ಜಿಟಿಜಿಟಿ ಮಳೆ, ಬಿಸಿಲಿನ ಸುಳಿವಿಲ್ಲ. ಫ್ರಿಜ್ಜಿನ ಹಿಂದೆ ಕರಿ ಜಾಲರಿ ಸದಾ ಬೆಚ್ಚಗಿರುತ್ತದಲ್ಲ, ಮಳೆಗಾಲದಲ್ಲಿ ಅಲ್ಲಿ ಒಣಗದ ಬಟ್ಟೆಯೇ ನಮ್ಮ ಮನೆಯಲ್ಲಿಲ್ಲ. ಕೌದಿಯನ್ನೂ ಅಲ್ಲೇ ಹರವಿ, ಜಾರದಂತೆ ಫ್ರಿಜ್ಜನ್ನು ಗೋಡೆಗೆ ಒತ್ತಿದೆವು.

ಮರುದಿನ ಮುಂಜಾನೆ ಮಗಳು ಫ್ರಿಜ್ಜಿನ ಬಾಗಿಲು ತೆರೆದು ನಿಂತಲ್ಲೇ ನಿಂತಳು.

“ಯವ್ವಾ, ಬಾಟ್ಲಿ ಬೆಚ್ಚಗ ಅದಾವು.”

“ದೀಪ ಹತ್ತೇತಲ್ಲ,” ಎಂದೆ. ನನಗೆ ಗೊತ್ತಿದ್ದದ್ದು ಅಷ್ಟೇ. ಒಳಗೆ ದೀಪ ಉರಿದರೆ ಫ್ರಿಜ್ಜು ನಡೆಯುತ್ತಿದೆ ಎಂದೇ ಇಷ್ಟು ವರ್ಷ ತಿಳಿದಿದ್ದೆ.

ಯಜಮಾನರು ಫ್ರಿಜ್ಜಿಗೆ ಕಿವಿ ಹಚ್ಚಿದರು. ಒಳಗಿನಿಂದ ಚಟ್ ಎಂದಿತು. ಸ್ವಲ್ಪ ಗುಂಯ್‌ಗುಟ್ಟಿತು. ಮತ್ತೆ ಚಟ್ ಎಂದು ಸುಮ್ಮನಾಯಿತು. ಮಗ್ಗದ ಸದ್ದಿನಲ್ಲೇ ಮುದುಕರಾದವರು ಅವರು. “ಏಳಾಕ ನೋಡತೈತಿ, ಏಳಾಕ ಆಗವಲ್ದು,” ಎಂದರು.

ಅಷ್ಟು ಹೊತ್ತು ಬೆಚ್ಚಗಿದ್ದ ಹಾಲನ್ನು ಆ ಕೂಸಿಗೆ ಕೊಡುವಂತಿರಲಿಲ್ಲ. ಎದೆಹಾಲನ್ನು ಕಾಲು ತುಳಿಯುವ ಕಡೆ ಚೆಲ್ಲಬಾರದು. ಮಗಳು ಬಾಟಲಿಗಳನ್ನು ಸೆರಗಿನಲ್ಲಿ ತುಂಬಿಕೊಂಡು ಹಿತ್ತಲಿಗೆ ಹೋಗಿ, ಕರಿಬೇವಿನ ಬುಡಕ್ಕೆ ಒಂದೊಂದಾಗಿ ಸುರಿದಳು. ಅಳಲಿಲ್ಲ. ಮಳೆಯಲ್ಲೇ ನಿಂತಿದ್ದಳು. ನಾನು ಅವಳ ತಲೆಯ ಮೇಲೆ ಸೆರಗು ಹಿಡಿದು ನಿಂತೆ. ಬೇರೆ ಏನು ಮಾಡಬೇಕೋ ತಿಳಿಯಲಿಲ್ಲ.

ಎರಡು ಓಣಿ ಆಚೆಯ ರಿಪೇರಿ ಭಾಯಿಯನ್ನು ಯಜಮಾನರು ಕರೆತಂದರು. ನಮ್ಮ ವಯಸ್ಸಿನವರೇ. ಬಂದವರು ಮೊದಲು ಪ್ಲಗ್ಗು ನೋಡಿದರು, ಸ್ಟೆಬಿಲೈಜರಿನ ಮುಳ್ಳು ನೋಡಿದರು. ಬಾಗಿಲಿನ ರಬ್ಬರಿನ ಸಂದಿಯಲ್ಲಿ ಒಂದು ಕಾಗದ ಸಿಕ್ಕಿಸಿ ಎಳೆದರು, ಅದು ಬಿಗಿಯಾಗಿಯೇ ಹಿಡಿದಿತ್ತು. “ರಬ್ಬರ್ ಛಲೋ ಐತ್ರಿ, ಇದನ್ನ ಬದಲಿ ಮಾಡಾಕ ಹೋಗಬ್ಯಾಡ್ರಿ,” ಎಂದರು. ಆಮೇಲೆ ಫ್ರಿಜ್ಜನ್ನು ಗೋಡೆಯಿಂದ ಎಳೆದರು. ಕೌದಿ ಧೊಪ್ಪೆಂದು ಕೆಳಗೆ ಬಿತ್ತು.

“ಅಕ್ಕಾರ, ಚಳಿ ಬಂದಿತ್ತೇನ್ರಿ ಇದಕ್ಕ?”

“ಒಣಗ್ಲಿ ಅಂತ ಹಾಕಿದ್ದೆ ಭಾಯಿ.”

“ಎಲ್ಲಾರ ಮನ್ಯಾಗೂ ಇದ ಹಾಡು. ಒಬ್ಬರದು ಚಾದರ, ಒಬ್ಬರದು ಸಂಡಗಿ. ಒಳಗಿನ ಕಾವು ಹೊರಗ ಹೋಗೂದು ಈ ಜಾಲರಿಯಿಂದನ ನೋಡ್ರಿ. ಬಾಯಿಗಿ ಬಟ್ಟಿ ಕಟ್ಟಿ ಓಡು ಅಂದ್ರ ಯಾರು ಓಡ್ತಾರು?”

ಕೆಳಗಿನ ಕರಿ ಗುಂಡಿನಂಥ ಕಂಪ್ರೆಸರ್ ಮುಟ್ಟಲಾಗದಷ್ಟು ಸುಡುತ್ತಿತ್ತು. ಅದರ ಪಕ್ಕದಿಂದ ಬೆಂಕಿಪೊಟ್ಟಣದಷ್ಟು ಸಣ್ಣ ಸಾಮಾನೊಂದನ್ನು ಕಿತ್ತು ನನ್ನ ಕಿವಿಯ ಹತ್ತಿರ ಅಲ್ಲಾಡಿಸಿದರು. ಒಣ ಶೇಂಗಾಕಾಯಿಯಂತೆ ಗಲಗಲ ಅಂದಿತು. ಅದು ರಿಲೇಯಂತೆ. ಕಂಪ್ರೆಸರ್ ಎದ್ದು ಓಡಲು ಮೊದಲ ನೂಕು ಕೊಡುವುದು ಅದೇ. ಒಳಗೆ ಸುಟ್ಟು ಒಡೆದಿತ್ತು.

ಹೊಸದನ್ನು ತರಲು ಕಂಪ್ರೆಸರಿನ ಮೇಲಿನ ನಂಬರು ಬೇಕಿತ್ತು. ನೋಡಿದರೆ ಅಲ್ಲಿ ನಂಬರೇ ಕಾಣದು. ಪ್ರತಿ ವರ್ಷ ದಸರೆಯ ಖಂಡೇಪೂಜೆಗೆ ಯಜಮಾನರು ಬಾಗಿಲಿಗೆ ಕುಂಕುಮ ಹಚ್ಚಿ, ಅಷ್ಟಕ್ಕೇ ಬಿಡದೆ ಹಿಂದೆ ಬಗ್ಗಿ ಕಂಪ್ರೆಸರಿಗೂ ವಿಭೂತಿ ಬಳಿಯುತ್ತಿದ್ದರು. ವರ್ಷ ವರ್ಷದ ವಿಭೂತಿ, ಧೂಳು ಸೇರಿ ಗಾರೆಯಾಗಿತ್ತು.

“ಇಂಜಿನ್ನ ಇರೂದು ಅಲ್ಲೇ ಅಲ್ಲೇನು? ಪೂಜಿನೂ ಅಲ್ಲೇ,” ಎಂದರು ಯಜಮಾನರು.

“ಪೂಜಿ ಮುಟ್ಟೇತ್ರಿ. ಇನ್ನ ಮಾರಿ ತೊಳೀರಿ,” ಎಂದರು ಭಾಯಿ. ಅಷ್ಟು ದಿನದ ಮೇಲೆ ಮಗಳ ತುಟಿ ಸ್ವಲ್ಪ ಅರಳಿತು.

ನಂಬರು ಬರೆದುಕೊಂಡು, ಸುಟ್ಟ ರಿಲೇಯನ್ನು ಕರವಸ್ತ್ರದಲ್ಲಿ ಗಂಟು ಕಟ್ಟಿಕೊಂಡು ಯಜಮಾನರು ಗದಗಿನ ಅಂಗಡಿಗೆ ಹೋದರು. ಅಂಗಡಿಯವನು ನೋಡಲು ಹಾಗೆಯೇ ಇರುವ ಇನ್ನೊಂದನ್ನು ಮುಂದಿಟ್ಟನಂತೆ: “ಇದು ಎಲ್ಲಾದಕ್ಕೂ ನಡೀತೈತಿ ಯಜಮಾನ್ರ, ಒಯ್ರಿ.” ಸರಿಯಾದದ್ದು ಹುಬ್ಬಳ್ಳಿಯಿಂದ ಮರುದಿನವೇ ಬರಬೇಕು. ಅಲ್ಲಿಂದಲೇ ಫೋನು ಮಾಡಿದರು. ಒಂದು ರಾತ್ರಿ ಅಂದರೆ ಎಷ್ಟು ಬಾಟಲಿ ಹಾಲು! ಅದನ್ನೇ ತಂದುಬಿಡಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು.

ಭಾಯಿ ಫೋನು ತೆಗೆದುಕೊಂಡರು. “ಕುಂಡ್ರೂದೇನೋ ಕುಂಡ್ರತೈತ್ರಿ. ಇವತ್ತ ಓಡಿದ್ರೂ ಓಡೀತು. ನಾಳೆ ಕಂಪ್ರೆಸರ್ ಸುಟ್ಟರ ಪೂರಾ ಫ್ರಿಜ್ಜ ಹೋತು. ನಂಬರ್ ಕೂಡಿದ್ದ ತರ್ರಿ.” ಆಮೇಲೆ ನನ್ನ ಮುಖ ನೋಡಿ, “ಹಾಲಿನ ಚಿಂತಿ ಬಿಡ್ರಿ ಅಕ್ಕಾರ. ನಮ್ಮ ಮನ್ಯಾಗೂ ಫ್ರಿಜ್ಜ ಐತಿ,” ಎಂದರು.

ಮಗಳು ಹಿಂಡಿದ್ದನ್ನು ಆಗಾಗ ನಾನೇ ಅವರ ಮನೆಗೆ ಒಯ್ದೆ. ಅವರ ಹೆಂಡತಿ ಮೇಲಿನ ಒಂದು ಖಾನೆಯನ್ನು ಪೂರ್ತಿ ಖಾಲಿ ಮಾಡಿ, ಒರೆಸಿ, ಬಿಳಿ ಬಟ್ಟೆ ಹಾಸಿದ್ದಳು. ನಾನು ಕೈಮುಗಿಯಲು ಹೋದರೆ ಕೈ ಹಿಡಿದುಕೊಂಡಳು. “ಇದು ಅಮಾನತ್ ಐತ್ರಿ ಅಕ್ಕಾ, ನಂಬಿ ಇಟ್ಟದ್ದು. ಕೂಸಿನ ಅನ್ನ. ಜ್ವಾಪಾನ ಮಾಡೂದು ನಮ್ಮ ಕೆಲಸ.” ಮನೆಯ ಎಲ್ಲರಿಗೂ ಅವಳು ತಾಕೀತು ಮಾಡಿದ್ದಳಂತೆ: ಸುಮ್ಮಸುಮ್ಮನೆ ಬಾಗಿಲು ತೆಗೆಯಬೇಡಿ, ತಂಪು ಹೋಗುತ್ತದೆ.

ಮರುದಿನ ರಿಲೇ ಬಂತು. ಭಾಯಿ ಅದನ್ನು ಕೂಡಿಸಿದರು. ಬ್ರಶ್ಶಿನಿಂದ ಜಾಲರಿಯ ಧೂಳು ತೆಗೆದರು, ಫ್ರಿಜ್ಜಿಗೂ ಗೋಡೆಗೂ ನಡುವೆ ಒಂದು ಗೇಣು ಜಾಗ ಬಿಡಿಸಿದರು. ಸ್ವಿಚ್ಚು ಒತ್ತಿದಾಗ ಒಂದೇ ಸಲ ಚಟ್ ಎಂದಿತು. ಆಮೇಲೆ ಸಣ್ಣಗೆ, ಬಿಡದೆ, ನಡೆಯತೊಡಗಿತು. ಆ ಸದ್ದು ಕೇಳುತ್ತ ನಾವು ನಾಲ್ವರೂ ನಿಂತಿದ್ದೆವು. ಆದರೂ ನನಗೆ ನಂಬಿಕೆ ಬರಲಿಲ್ಲ. ಮೇಲಿನ ಬರ್ಫದ ಖಾನೆಯಲ್ಲಿ ಒಂದು ಬಟ್ಟಲು ನೀರಿಟ್ಟೆ. ಅದು ಗಟ್ಟಿಯಾಗಿ, ಮಗುಚಿದರೂ ಬೀಳದಂತಾದ ಮೇಲೆಯೇ ಭಾಯಿಯ ಮನೆಯಿಂದ ಹಾಲು ತಂದದ್ದು.

ಅವತ್ತಿನಿಂದ ಆ ಕಡೆ ಹಾದಾಗಲೆಲ್ಲ ಫ್ರಿಜ್ಜಿನ ಬೆನ್ನಿನ ಹತ್ತಿರ ಅಂಗೈ ಹಿಡಿಯುವುದು ನನಗೆ ರೂಢಿಯಾಯಿತು. ಬೆನ್ನು ಹದವಾಗಿ ಬೆಚ್ಚಗಿದ್ದರೆ ಹೊಟ್ಟೆ ತಣ್ಣಗಿದೆ. ದೀಪವನ್ನು ನಾನು ಮತ್ತೆ ನಂಬಲಿಲ್ಲ. ಆ ಕಡೆ ಆಸ್ಪತ್ರೆಯಲ್ಲಿ ಕೊಳವೆಯ ಹನಿಗಳು ಹೆಚ್ಚಿದವು, ಆಮೇಲೆ ಬಾಯಿಗೆ ಹಾಲು ಹಾಕುವ ಒಳಲೆಗೆ ಬಂದವು. ಒಂದು ದಿನ ಡಾಕ್ಟರಬಾಯಿ, “ಇನ್ನ ಮನಿಗಿ ಕರ್ಕೊಂಡು ಹೋಗ್ರಿ,” ಎಂದರು.

ಬಂದಳು ನೋಡಿ! ಹೊಸ್ತಿಲು ದಾಟಿ, ದೃಷ್ಟಿ ತೆಗೆಸಿಕೊಂಡು, ತಾಯಿಯ ಮಡಿಲಲ್ಲಿ ಒಂದಿಷ್ಟು ತಡಕಾಡಿ, ಮೊಲೆ ಹಿಡಿದು ಎಳೆದಳು. ಆ ಎಳೆತದ ಸದ್ದು ಪಡಸಾಲೆಯವರೆಗೆ ಕೇಳಿತು. ಯಜಮಾನರು ಗೋಡೆಯ ಕಡೆ ಮುಖ ತಿರುಗಿಸಿ ನಿಂತುಬಿಟ್ಟರು. ನಾನು ಬಿಸಿ ರೊಟ್ಟಿಯ ಒಂದು ಚೂರನ್ನು ಮುರಿದು ಕೌದಿಯ ಮೂಲೆಗೆ ಸೇರಿಸಿದೆ. ಕಣ್ಣು ಮಂಜಾಗಿ ಸೂಜಿಗೆ ದಾರ ಪೋಣಿಸಲು ಆಗಲಿಲ್ಲ, ಅವರೇ ಪೋಣಿಸಿಕೊಟ್ಟರು. ಹೊಲಿದು ಮುಗಿಸಿದೆ.

ಫ್ರಿಜ್ಜಿನಲ್ಲಿ ಇನ್ನೂ ಒಂದು ಬಾಟಲಿ ಹಾಲು ಉಳಿದಿತ್ತು, ತಣ್ಣಗೆ, ಕೆಡದೆ. ಇನ್ನು ಅದು ಬೇಕಿರಲಿಲ್ಲ. ಮಗಳು ಕೂಸನ್ನು ಹೆಗಲಿಗೆ ಹಾಕಿಕೊಂಡು ಹಿತ್ತಲ ಬಾಗಿಲಿಗೆ ಬಂದು, ಬಾಟಲಿಯನ್ನು ನನ್ನ ಕೈಗೆ ಕೊಟ್ಟಳು.

“ಕರಿಬೇವಿಗೆ ಹಾಕು ಯವ್ವಾ. ಅವತ್ತ ಅದಕ್ಕ ಬೆಚ್ಚಂದು ಕುಡಿಸೇನಿ. ಇವತ್ತ ತಣ್ಣಂದು ಕುಡೀಲಿ.”