ರಾಹುಕಾಲದಲ್ಲಿ ಕಲ್ಯಾಣ–ಹುಮನಾಬಾದ್ ಪಂದ್ಯ

ಎರಡು ಸಾವಿರದ ನಾಲ್ಕರ ಸುಮಾರಿನಲ್ಲಿ ಬಸವಕಲ್ಯಾಣದ ಕೋಟೆ ರಸ್ತೆಯಲ್ಲಿ ಧನರಾಜ ಎಂಬಾತ ನಾಲ್ಕು ಕಂಪ್ಯೂಟರ್ ಇಟ್ಟುಕೊಂಡು ಗೇಮ್ ಅಂಗಡಿ ನಡೆಸುತ್ತಿದ್ದ. ಅಂಗಡಿ ಎನ್ನುವುದು ಹೆಸರಿಗೆ. ಗಿರಾಕಿಗಿಂತ ಮಾಲೀಕನೇ ಹೆಚ್ಚು ಆಡುತ್ತಿದ್ದ. ಊರು ಆಡಿಕೊಳ್ಳುವ ಮೊದಲೇ ತಾನೇ ಆಡಿಕೊಂಡು ನಗುತ್ತಿದ್ದ: "ಮಿಠಾಯಿ ಅಂಗಡ್ಯಾಗ ನೊಣ ಕುಂತಂಗ ಕುಂತೀನಿ ನೋಡ್ರಿ."

ಆಟಗಳ ವಿಷಯ ತೆಗೆದರೆ ಮಾತ್ರ ಅವನು ದೊಡ್ಡ ಪಂಡಿತ. ಹೈದರಾಬಾದಿನಿಂದ ತರಿಸಿದ ಹೊಸ ಕಾರ್ ಗೇಮಿನಲ್ಲಿ ಮೂರನೇ ಊರು ದಾಟಿದರೆ ರಸ್ತೆಯೇ ಇರಲಿಲ್ಲ. ಕಾರು ಆಕಾಶದಲ್ಲಿ ಬೀಳುತ್ತಲೇ ಹೋಗುತ್ತಿತ್ತು. "ಅರ್ಧಾ ಬೇಯಿಸಿ ಎಲಿಗೆ ಹಾಕ್ತಾರಲ್ರಿ ಈ ಕಂಪನಿಯವರು! ನಾಚಿಕಿ ಬ್ಯಾಡೇನು?" ಎಂದು ಬಂದವರ ಮುಂದೆಲ್ಲ ಕೂಗಾಡಿದ. ಕೂಗಾಡುತ್ತಲೇ ತಿಂಗಳುಗಟ್ಟಲೆ ಆ ಕಾರನ್ನು ಬೀಳಿಸಿದ. ಇನ್ನೊಂದು ಯುದ್ಧದ ಆಟದೊಳಗೆ ಮೀನು ಹಿಡಿಯುವ ಪುಟ್ಟ ಆಟವಿತ್ತು. ದೊಡ್ಡ ಆಟದಲ್ಲಿ ಇಂಥ ಚಿಲ್ಲರೆ ಆಟ ಯಾಕೆ ಎಂದು ಬೈದವನೇ ಯುದ್ಧ ಬಿಟ್ಟು ಗಾಳ ಹಾಕಿ ಕುಳಿತ. ಕೊರಳಲ್ಲಿ ಲಿಂಗ, ಕೈಯಲ್ಲಿ ಗಾಳ! ತಾಯಿ ಶಕುಂತಲಾಬಾಯಿ ಚಹಾ ತಂದರೆ ಮಾತ್ರ ತಟ್ಟನೆ ಯುದ್ಧಕ್ಕೆ ಹೊರಡುತ್ತಿದ್ದ.

ಎರಡು ಊರಿನವರು ಒಂದೇ ಆಟವನ್ನು ಎದುರುಬದುರಾಗಿ ಆಡಬೇಕು ಎನ್ನುವ ಹುಳವೂ ಅವನ ತಲೆಯಲ್ಲಿತ್ತು. ಹುಮನಾಬಾದಿನಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುವ ಗೆಳೆಯ ಅಜೀತ ಒಪ್ಪಿದ. "ಕಲ್ಯಾಣ ವಿರುದ್ಧ ಹುಮನಾಬಾದ್, ಭಾನುವಾರ ಸಂಜೆ" ಎಂದು ಬೋರ್ಡ್ ಬಿತ್ತು. ಆದರೆ ಆಗ ಇಂಟರ್‌ನೆಟ್ ಬರುತ್ತಿದ್ದುದು ಟೆಲಿಫೋನ್ ತಂತಿಯಲ್ಲೇ. ಅದು ನಡೆಯುವಾಗ ಮನೆಗೂ ಅಂಗಡಿಗೂ ಇದ್ದ ಒಂದೇ ಫೋನ್ ಬಂದ್. ಮತ್ತು ಅದೇ ಭಾನುವಾರ ಹುಮನಾಬಾದಿನ ಬಸವಣಪ್ಪನವರು ಫೋನ್ ಮಾಡಿ, ತಮ್ಮ ಮಗಳು ವಿಜಯಶ್ರೀಗೆ ಧನರಾಜ ಒಪ್ಪಿಗೆಯೋ ಇಲ್ಲವೋ ತಿಳಿಸುವವರಿದ್ದರು. ಅವಳನ್ನು ನೋಡಿ ಬಂದ ಧನರಾಜ ಎರಡು ದಿನ ಗಾಳವನ್ನೇ ಮುಟ್ಟಿರಲಿಲ್ಲ. ಅಷ್ಟು ಮನಸ್ಸಿಗೆ ಬಂದಿದ್ದಳು.

ಬೋರ್ಡ್ ಅಳಿಸಿದರೆ ಊರು ನಗುತ್ತದೆ. ಧನರಾಜ ಪಂಚಾಂಗ ತೆಗೆದ. ಭಾನುವಾರ ನಾಲ್ಕೂವರೆಯಿಂದ ಆರರವರೆಗೆ ರಾಹುಕಾಲ. ಮದುವೆ ಮಾತನ್ನು ಆ ಹೊತ್ತಿನಲ್ಲಿ ಯಾವ ಹಿರಿಯರು ಆಡುತ್ತಾರೆ? ಅಷ್ಟರಲ್ಲಿ ಆಡಿ ಮುಗಿಸಿದರಾಯಿತು! ತನ್ನ ಬುದ್ಧಿಗೆ ತಾನೇ ಭೇಷ್ ಅಂದುಕೊಂಡ.

ಪಂದ್ಯಕ್ಕೆ ಬೆಂಚು ತುಂಬ ಜನ ಬಂದರು. ನೆಟ್ ಎಷ್ಟು ನಿಧಾನವೆಂದರೆ, ಇವನ ಗುಂಡು ಹುಮನಾಬಾದಿಗೆ ಮುಟ್ಟುವಷ್ಟರಲ್ಲಿ ಇವನೇ ಎರಡು ಸಲ ಸತ್ತಿರುತ್ತಿದ್ದ. ಆಮೇಲೆ ಪರದೆ ಅಲುಗಾಡದೆ ನಿಂತುಬಿಟ್ಟಿತು. ನೋಡುವವರು ಆಕಳಿಸಿ ಎದ್ದು ಹೋದರು. ಅಜೀತ ಮತ್ತೆ ಪರದೆಗೆ ಈಗ ಬಂದಾನು, ಆಗ ಬಂದಾನು ಎಂದು ತಂತಿ ತೆಗೆಯದೆ, ಹೊತ್ತು ಕಳೆಯಲು ಧನರಾಜ ಮೀನಿನ ಆಟ ತೆರೆದ. ದೊಡ್ಡದೊಂದು ಗಾಳಕ್ಕೆ ಬಿತ್ತು. ಹಿಂದೆ ಯಾರೋ ಬಂದು ನಿಂತರು.

"ಚಪ್ಪಲಿ ಹೊರಗ ಬಿಡ್ರಿ. ಮಾತಾಡಬ್ಯಾಡ್ರಿ, ಮೀನು ಹೋಗ್ತದ," ಎಂದ, ತಿರುಗದೆ.

"ಬಿಟ್ಟೇ ಬಂದೀನಿ," ಎಂದರು ಬಸವಣಪ್ಪ.

ಧನರಾಜ ತಟ್ಟನೆ ಎದ್ದು ನಿಂತ. ಅವರ ಕಣ್ಣು ಪರದೆಯ ಮೀನಿನ ಮೇಲಿತ್ತು, ಆಮೇಲೆ ಇವನ ಕೊರಳಿನ ಮೇಲೆ.

"ನಾಕೂವರಿಂದ ಫೋನ್ ಹಚ್ಚಾಕತ್ತಿದ್ದೆ, ಬರೇ ಎಂಗೇಜ್. ಬೇಕಂತಲೇ ರಿಸೀವರ್ ಎತ್ತಿಟ್ಟಾರ, ಸಂಬಂಧ ಬ್ಯಾಡಾಗ್ಯದ ಅಂತ ತಿಳಕೊಂಡೆ. ಬ್ಯಾಡಂದ್ರ ಬಾಯಿ ಬಿಟ್ಟು ಹೇಳ್ರಿ. ಅದಕ್ಕ ಸ್ಕೂಟರ್ ಹತ್ತಿ ಬಂದೆ."

"ಅಯ್ಯೋ, ಹಂಗಲ್ರಿ! ರಾಹುಕಾಲದಾಗ ನೀವು ಮಾಡಂಗಿಲ್ಲ ಅಂತ..."

"ಬಸವಣ್ಣನ ಕಲ್ಯಾಣದಾಗ ಇದ್ದು ರಾಹುಕಾಲ ನೋಡ್ತೀರೇನು? ನಮ್ಮ ಮನ್ಯಾಗ ಪಂಚಾಂಗನೇ ಇಲ್ಲ."

ಧನರಾಜ ತಂತಿ ಕಿತ್ತು ಫೋನಿಗೆ ಸಿಕ್ಕಿಸಿದ. ಸಿಕ್ಕಿಸಿದ್ದೇ ತಡ, ಫೋನ್ ರಿಂಗಾಯಿತು. ವಿಜಯಶ್ರೀ!

"ಅಪ್ಪ ಬಂದಾರೇನ್ರಿ?"

"ಬಂದಾರ್ರಿ."

"ಸಿಟ್ಟಾಗ್ಯಾರೇನು?"

"ಭಾಳ."

"ನಾನೂ ಆಗೀನಿ. ಹೂಂ ಅನ್ನಾಕ ಧೈರ್ಯ ಮಾಡಿ ಅಪ್ಪನ ಕೈಲಿ ನಾನೇ ಫೋನ್ ಹಚ್ಚಿಸಿದ್ದೆ."

"ಮತ್ತ ಈಗ?"

"ಈಗ ಫೋನಿನ ಮ್ಯಾಲ ಏನೂ ಹೇಳಂಗಿಲ್ಲ. ಎದುರು ಬಂದು ಕೇಳ್ರಿ."

"ನಾಳೆ ಬರ್ಲೇನ್ರಿ?"

"ನಾಳೆ ಯಾಕ? ಅಪ್ಪನ ಸ್ಕೂಟರಿನ ಹಿಂದಿನ ಸೀಟು ಖಾಲಿ ಅದ."

ಅಂಗಡಿಗೆ ಬೀಗ ಜಡಿದು, ತಾಯಿಗೆ ಕೂಗಿ ಹೇಳಿ ಹತ್ತಿ ಕುಳಿತ. ಧನರಾಜನಿಗೆ ತನ್ನ ಮೇಲೇ ಸಿಟ್ಟು ಬಂತು, ಅಳು ಬಂತು, ನಡುವೆ ನಗುವೂ ಬಂತು. ತಂತಿಯಲ್ಲಿ ಎರಡು ಊರು ಜೋಡಿಸಲು ಹೊರಟ ಮಹಾಶಯ ಈಗ ಹಿರಿಯರ ಬೆನ್ನಿಗೆ ತಾಗದಂತೆ ಸೀಟಿನ ತುದಿಯಲ್ಲಿ ಜೋತು ಬಿದ್ದಿದ್ದ. ಆಕೆ ಒಲ್ಲೆ ಅಂದರೆ? ಅದೊಂದೇ ಭಯ.

ಹುಮನಾಬಾದ್ ಕಾಣುವ ಹೊತ್ತಿಗೆ ಬಸವಣಪ್ಪ ತಿರುಗದೆಯೇ ಹೇಳಿದರು: "ಆಕಿ ಒಲ್ಲೆ ಅಂದ್ರ ನಿಮ್ಮನ್ನ ತಿರುಗಿ ಬಿಡಾಕ ನಾ ಬರಂಗಿಲ್ಲ, ನೋಡ್ರಿ."

"ನಡಕೋತ ಹೋಗ್ತೀನ್ರಿ."

ಒಂದಿಷ್ಟು ದೂರ ಹೋದ ಮೇಲೆ ಬಸವಣಪ್ಪ ಸೀಟಿನಲ್ಲಿ ಮುಂದಕ್ಕೆ ಸರಿದು, "ಸರಿಯಾಗಿ ಕೂಡ್ರಿ, ಬಿದ್ದೀರಿ," ಎಂದರು.